'800 ಜನರಿಗೆ ಉಪಯೋಗವಾದ' ರಿವ್ಯೂ ನಂಬಬಹುದಾ? ಮಲೆನಾಡಿನ ಕೊಳ್ಳುಗರಿಗೆ ಹಂತ ಹಂತದ ಮಾರ್ಗದರ್ಶಿ

ಮೇ ತಿಂಗಳು ಬಂತೆಂದರೆ ಓದುಗರಿಂದ ಬರುವ ಪ್ರಶ್ನೆ ಒಂದೇ, ವಸ್ತು ಮಾತ್ರ ಬೇರೆ. ಒಬ್ಬರಿಗೆ ರೇನ್‌ಕೋಟ್ ಬೇಕು. ಇನ್ನೊಬ್ಬರಿಗೆ ತೋಟದ ಕಳೆ ಹೊಡೆಯಲು ಬ್ರಷ್ ಕಟರ್. ಮತ್ತೊಬ್ಬರಿಗೆ ಕರೆಂಟು ಹೋದಾಗ ಉರಿಯುವ ಎಮರ್ಜೆನ್ಸಿ ಲೈಟು. ಕೇಳುವುದು ಮಾತ್ರ ಹೀಗೆ: "ಈ ರಿವ್ಯೂ ಉಪಯೋಗ ಆಯ್ತು ಅಂತ 800 ಜನ ಒತ್ತಿದ್ದಾರೆ. ಅಷ್ಟೂ ಜನ ಸುಳ್ಳು ಹೇಳ್ತಾರಾ? ತಗೊಳ್ಳಲಾ?"

ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನೂ ಹೇಳುವುದಿಲ್ಲ. ಆದರೆ ಅವರು ಒತ್ತಿದ್ದು ಯಾವ ಪ್ರಶ್ನೆಗೆ ಎಂದು ನೋಡಿ. "ಈ ಬರಹದಿಂದ ನಿಮಗೆ ಉಪಯೋಗವಾಯಿತೇ?" ಎಂಬುದಕ್ಕೆ ಹೌದು ಎಂದಿದ್ದಾರೆ, ಅಷ್ಟೆ. ಆ ರೇನ್‌ಕೋಟ್ ಹಾಕಿಕೊಂಡು ಮಳೆಯಲ್ಲಿ ನಿಂತಿದ್ದೆವು ಎಂದು ಅವರು ಎಲ್ಲೂ ಹೇಳಿಲ್ಲ. ಮತ ಒತ್ತಲು ವಸ್ತು ಕೊಂಡಿರಬೇಕೆಂಬ ಕಟ್ಟೂ ಸಾಮಾನ್ಯವಾಗಿ ಇರುವುದಿಲ್ಲ. ಒತ್ತಿದವರಲ್ಲಿ ಹಲವರು ನಿಮ್ಮ ಹಾಗೆಯೇ ಕೊಳ್ಳುವುದಾ ಬಿಡುವುದಾ ಎಂದು ನೋಡುತ್ತಿದ್ದವರು. ಹಾಗಾಗಿ ಯಾವ ರಿವ್ಯೂ ಮೊದಲು ಓದಬೇಕು ಎಂದು ತಿಳಿಯಲು ಮತ ನೋಡಿ. ಕೊಳ್ಳುವ ತೀರ್ಮಾನಕ್ಕೆ ಮಾತ್ರ ಕೆಳಗಿನ ಹಂತಗಳು ಬೇಕು.

ಮೊದಲು ಮೂರು ಪದ

ಹೆಲ್ಪ್‌ಫುಲ್ ಮತ: ರಿವ್ಯೂ ಕೆಳಗಿನ 'ಉಪಯೋಗವಾಯಿತು' ಗುಂಡಿ, ಅಥವಾ ಮೇಲಕ್ಕೆ ತೋರಿಸುವ ಹೆಬ್ಬೆರಳು.

ವೆರಿಫೈಡ್ ಪರ್ಚೇಸ್: ಬರೆದವರು ಅದೇ ಆ್ಯಪ್‌ನಲ್ಲಿ ಆ ವಸ್ತು ಕೊಂಡಿದ್ದಾರೆ ಎಂದು ಅಮೆಜಾನ್ ಹಾಕುವ ಗುರುತು. ಫ್ಲಿಪ್‌ಕಾರ್ಟ್‌ನಲ್ಲಿ ಬಹುಕಾಲದಿಂದ ಇದಕ್ಕೆ 'ಸರ್ಟಿಫೈಡ್ ಬಯರ್' ಎಂಬ ಹೆಸರು. ಕೊಂಡದ್ದಕ್ಕೆ ಇದು ಸಾಕ್ಷಿ, ಬಳಸಿದ್ದಕ್ಕೆ ಸಾಕ್ಷಿ ಆಗುವುದಿಲ್ಲ.

ಟಾಪ್ ರಿವ್ಯೂ: ಆ್ಯಪ್ ತಾನೇ ಆರಿಸಿ ಮೇಲಿಡುವ ರಿವ್ಯೂ. ನೀವು ಏನೂ ಬದಲಿಸದಿದ್ದರೆ ಕಣ್ಣಿಗೆ ಬೀಳುವುದು ಇವೇ.

ಇನ್ನು ಬೇಕಾದದ್ದು ಅರ್ಧ ಗಂಟೆ, ಒಂದು ಪೆನ್ನು, ಕಾಗದ, ಮತ್ತು ನೆಟ್‌ವರ್ಕ್ ಸಿಗುವ ಜಾಗ. ನಿಮ್ಮ ಮನೆಯಲ್ಲಿ ಅದು ಯಾವ ಮೂಲೆ ಅಂತ ನಿಮಗೇ ಗೊತ್ತು.

ಹಂತ 1: ನಿಮ್ಮ ಬಳಕೆಯನ್ನು ಎರಡು ಸಾಲಿನಲ್ಲಿ ಬರೆಯಿರಿ

ಆ್ಯಪ್ ತೆರೆಯುವ ಮೊದಲೇ ಬರೆಯಿರಿ. ಆಮೇಲೆ ಬರೆದರೆ ರಿವ್ಯೂ ಓದಿದ ಪ್ರಭಾವದಲ್ಲೇ ಬರೆಯುತ್ತೀರಿ.

ರೇನ್‌ಕೋಟನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ಅದನ್ನು ಹಾಕುವವರಿಗೆ ಆಫೀಸಿನಿಂದ ಮನೆಗೆ ಸ್ಕೂಟರಿನಲ್ಲಿ ಹೋಗುವಷ್ಟು ಹೊತ್ತಿನ ಕೆಲಸ. ತೀರ್ಥಹಳ್ಳಿ ಕಡೆಯ ತೋಟದಲ್ಲಿ ಬೆಳಿಗ್ಗೆ ಹಾಕಿದ್ದನ್ನು ಮಧ್ಯಾಹ್ನ ಊಟಕ್ಕೆ ತೆಗೆಯುವುದು. ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಸೋಗೆ ತಗುಲುತ್ತದೆ, ಮರುದಿನ ಒಣಗದೆಯೇ ಮತ್ತೆ ಹಾಕಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಬೆಂಗಳೂರಿನಲ್ಲಿ 1,000 ಮಿಲಿಮೀಟರಿನ ಆಸುಪಾಸು. ಅಲ್ಲಿಯವರ 'ಸೂಪರ್' ಇಲ್ಲಿಗೆ ಸಾಲುತ್ತದೆಯೇ?

"ದಿನಕ್ಕೆ ಐದು ಗಂಟೆ, ಜುಲೈ ಮಳೆ, ತೋಟದ ಕೆಲಸ" ಎಂದು ಬರೆದಿಡಿ. ಇಷ್ಟು ಸಾಕು.

ಹಂತ 2: ಮತದ ಸಂಖ್ಯೆಯನ್ನು ಸರಿಯಾಗಿ ಓದಿ

ಅಮೆಜಾನ್‌ನಲ್ಲಿ ಮೊದಲು 'ಉಪಯೋಗವಾಗಲಿಲ್ಲ' ಎನ್ನುವ ಗುಂಡಿಯೂ ಇತ್ತು. ಕೆಲವು ವರ್ಷಗಳ ಹಿಂದೆ ಅದನ್ನು ತೆಗೆದರು. ಈಗ ಕಾಣುವುದು ಮೆಚ್ಚಿದವರ ಲೆಕ್ಕ ಮಾತ್ರ. 800 ಜನ ಮೆಚ್ಚಿದ್ದು 900 ಜನ ಓದಿದ ಮೇಲೋ, 90,000 ಜನ ಓದಿದ ಮೇಲೋ, ತಿಳಿಯುವ ದಾರಿ ಇಲ್ಲ. ಇಂಥ ಕಡೆ ಸಂಖ್ಯೆ ದೊಡ್ಡದಿದ್ದರೆ "ತುಂಬಾ ಜನ ನೋಡಿದ್ದಾರೆ" ಎಂದಷ್ಟೇ ತಿಳಿಯಿರಿ.

ಮೇಲೆ, ಕೆಳಗೆ ಎರಡೂ ಹೆಬ್ಬೆರಳಿನ ಲೆಕ್ಕ ಕಾಣುವ ಕಡೆ ಸ್ವಲ್ಪ ಗಣಿತ ಮಾಡಬಹುದು. ಹೆದರಬೇಡಿ, ಕೂಡುವುದು ಮತ್ತು ಭಾಗಿಸುವುದು ಅಷ್ಟೆ. ಮೆಚ್ಚಿದ ಮತಕ್ಕೆ 2 ಸೇರಿಸಿ. ಒಟ್ಟು ಮತಕ್ಕೆ 4 ಸೇರಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಮತ ಕಡಿಮೆ ಇದ್ದಾಗ ಮೋಸ ಹೋಗದಿರಲು ಸಂಖ್ಯಾಶಾಸ್ತ್ರದಲ್ಲಿ ಬಳಸುವ ಸುಲಭ ಉಪಾಯ ಇದು.

ಒಂದು ರಿವ್ಯೂಗೆ 4 ಮೆಚ್ಚುಗೆ, ಒಂದೂ ವಿರೋಧ ಇಲ್ಲ ಅನ್ನಿ. ನೋಡಲು ನೂರಕ್ಕೆ ನೂರು. ನಮ್ಮ ಲೆಕ್ಕದಲ್ಲಿ 6 ಭಾಗಿಸು 8, ಅಂದರೆ ಶೇ 75. ಇನ್ನೊಂದಕ್ಕೆ 60 ಮೆಚ್ಚುಗೆ, 8 ವಿರೋಧ. ಅದು 62 ಭಾಗಿಸು 72, ಶೇ 86. ಮೂರನೆಯದಕ್ಕೆ 400 ಮೆಚ್ಚುಗೆ, 210 ವಿರೋಧ. ಅದು ಶೇ 65ರ ಆಸುಪಾಸು. ಮೆಚ್ಚುಗೆಯ ಸಂಖ್ಯೆ ಮಾತ್ರ ನೋಡಿದರೆ ಮೂರನೆಯದೇ ಗೆದ್ದಂತೆ ಕಾಣುತ್ತದೆ. ಮೊದಲು ಓದಬೇಕಾದದ್ದು ಎರಡನೆಯದು.

ಎಚ್ಚರಿಕೆ: ವಿರೋಧದ ಮತ ಜಾಸ್ತಿ ಇದ್ದ ಕೂಡಲೇ ಆ ರಿವ್ಯೂ ಕೆಟ್ಟದ್ದು ಎಂದು ಬಿಡಬೇಡಿ. ವಸ್ತುವನ್ನು ಬೈದ ರಿವ್ಯೂಗೆ ಮಾರುವವರ ಕಡೆಯವರೂ ಕೆಳಮುಖ ಹೆಬ್ಬೆರಳು ಒತ್ತಬಹುದು. ಈಗಾಗಲೇ ಕೊಂಡವರೂ ಒತ್ತುತ್ತಾರೆ. ತಾನು ದುಡ್ಡು ಕೊಟ್ಟದ್ದನ್ನು ಯಾರಾದರೂ ಬೈದರೆ ಯಾರಿಗೆ ಸಹನೆ ಆಗುತ್ತೆ ಹೇಳಿ.

ಹಂತ 3: ತಾರೀಖು ನೋಡಿ (ಒಂದೇ ಹಂತಕ್ಕೆ ಸಮಯ ಇದ್ದರೆ ಇದನ್ನೇ ಮಾಡಿ)

2007ರಲ್ಲಿ ಅಮೆಜಾನ್‌ನ ಡಿಜಿಟಲ್ ಕ್ಯಾಮೆರಾ ರಿವ್ಯೂಗಳನ್ನು ಜಾಲಾಡಿದ ಸಂಶೋಧಕರು ಈ ಮತಗಳಲ್ಲಿ ಮೂರು ಬಗೆಯ ಓರೆ ಗುರುತಿಸಿದರು. ಒಂದು, ಜನ ಸಾಮಾನ್ಯವಾಗಿ ಮೆಚ್ಚುಗೆಯನ್ನೇ ಜಾಸ್ತಿ ಒತ್ತುತ್ತಾರೆ. ಎರಡು, ಮತ ಪಡೆದದ್ದು ಮೇಲೆ ಹೋಗುತ್ತದೆ, ಮೇಲೆ ಹೋದದ್ದಕ್ಕೆ ಮತ್ತಷ್ಟು ಮತ ಬೀಳುತ್ತದೆ. ಮೂರು, ಮೊದಲು ಬರೆದವರಿಗೆ ಮತ ಕೂಡಿಸಲು ಹೆಚ್ಚು ಕಾಲ ಸಿಗುತ್ತದೆ.

ಎರಡನೆಯದು ಎಷ್ಟು ಬಲವಾದದ್ದು ಎಂಬುದಕ್ಕೆ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ಇದೆ. ಸುದ್ದಿ ಹಂಚುವ ಒಂದು ತಾಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಮೆಂಟುಗಳ ಮೇಲೆ ಮಾಡಿದ್ದು. ಕೆಲವು ಕಮೆಂಟುಗಳಿಗೆ ಹುಟ್ಟಿದ ಕೂಡಲೇ ಸಂಶೋಧಕರೇ ಒಂದು ಮೆಚ್ಚುಗೆ ಹಾಕಿದರು. ಒಂದೇ ಒಂದು. ಅದನ್ನು ನೋಡಿದ ಮೊದಲ ಓದುಗ ತಾನೂ ಮೆಚ್ಚುಗೆ ಒತ್ತುವ ಸಾಧ್ಯತೆ ಶೇ 32ರಷ್ಟು ಏರಿತು. ಕೊನೆಗೆ ಆ ಕಮೆಂಟುಗಳ ಅಂಕ ಸರಾಸರಿ ಶೇ 25ರಷ್ಟು ಹೆಚ್ಚಾಗಿತ್ತು. ಸುಮ್ನೆ ಹಾಕಿದ ಸುಳ್ಳು ವಿರೋಧವನ್ನು ಮಾತ್ರ ಜನ ಬೇಗ ಸರಿ ಮಾಡಿದರು. ಅಂದರೆ ಸುಳ್ಳು ಹೊಗಳಿಕೆಗೆ ಗುಂಪು ಸೇರುತ್ತದೆ, ಸುಳ್ಳು ತೆಗಳಿಕೆಯನ್ನು ಗುಂಪು ತಡೆಯುತ್ತದೆ.

ಇದನ್ನು ನಮ್ಮ ಮಳೆಗಾಲಕ್ಕೆ ಹೊಂದಿಸಿ ನೋಡಿ. ಈ ವರ್ಷದ ಹೊಸ ರೇನ್‌ಕೋಟ್ ಮಾರಾಟಕ್ಕೆ ಬರುವುದು ಏಪ್ರಿಲ್, ಮೇ ಹೊತ್ತಿಗೆ. ಆಗ ಕೊಂಡವರು ಪಾರ್ಸೆಲ್ ಬಿಚ್ಚಿದ ದಿನವೇ ಬರೆಯುತ್ತಾರೆ: "ಬಣ್ಣ ಚೆನ್ನಾಗಿದೆ, ಸೈಜ್ ಸರಿಯಾಗಿದೆ, ಬೇಗ ಬಂತು." ಮಳೆ ಇನ್ನೂ ಬಂದೇ ಇಲ್ಲ! ಜೂನ್ ಮೊದಲ ವಾರ ಕೊಳ್ಳುವವರ ನೂಕುನುಗ್ಗಲು. ಅವರಿಗೆ ಕಾಣುವುದು ಆ ಬಿಸಿಲುಕಾಲದ ರಿವ್ಯೂಗಳೇ, ಮತ ಬೀಳುವುದೂ ಅವಕ್ಕೇ. ಆಗಸ್ಟ್‌ನಲ್ಲಿ ಯಾರೋ ಒಬ್ಬರು "ಹೆಗಲ ಹೊಲಿಗೆಯಲ್ಲಿ ನೀರು ಇಳಿಯುತ್ತೆ, ಒಳಗೆ ಬೂಷ್ಟು ಬಂತು" ಎಂದು ಬರೆಯುತ್ತಾರೆ. ಆ ಹೊತ್ತಿಗೆ ಓದುವವರೇ ಇಲ್ಲ. ಮತ ಸೊನ್ನೆ. ಹುಡುಕಬೇಕಾದದ್ದು ಆ ಸೊನ್ನೆ ಮತದ ರಿವ್ಯೂವನ್ನು.

ಮಾಡುವುದು ಹೀಗೆ. ಎಲ್ಲ ರಿವ್ಯೂ ತೋರಿಸುವ ಪುಟಕ್ಕೆ ಹೋಗಿ. ಜೋಡಣೆಯ ಕ್ರಮವನ್ನು 'ಟಾಪ್' ಅಥವಾ 'ಮೋಸ್ಟ್ ಹೆಲ್ಪ್‌ಫುಲ್'ನಿಂದ 'ಮೋಸ್ಟ್ ರೀಸೆಂಟ್'ಗೆ ಬದಲಿಸಿ. ರೇನ್‌ಕೋಟ್, ಗಮ್‌ಬೂಟು, ಕೊಡೆ, ಟಾರ್ಚು ಇಂಥವಕ್ಕೆ ಜುಲೈಯಿಂದ ಅಕ್ಟೋಬರ್‌ವರೆಗಿನ ರಿವ್ಯೂ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಹಿಂದಿನ ವರ್ಷದ್ದಾದರೂ ಪರವಾಗಿಲ್ಲ, ಮಾಡೆಲ್ ಅದೇ ಇದ್ದರೆ. ಬ್ರಷ್ ಕಟರ್, ಬ್ಯಾಟರಿ ಸ್ಪ್ರೇಯರ್‌ಗೆ ತಿಂಗಳಿಗಿಂತ ಬಳಸಿದ ಅವಧಿ ಮುಖ್ಯ. "ಆರು ತಿಂಗಳ ನಂತರ ಬರೆಯುತ್ತಿದ್ದೇನೆ" ಎಂದು ಶುರುವಾಗುವ ಒಂದು ರಿವ್ಯೂ, ಡಬ್ಬಿ ಬಿಚ್ಚಿದ ಫೋಟೊ ಹಾಕಿದ ಹತ್ತಕ್ಕಿಂತ ಮೇಲು.

ದೀಪಾವಳಿ ಹೊತ್ತಿನ ದೊಡ್ಡ ಸೇಲ್ ಮುಗಿದ ಎರಡು ವಾರದಲ್ಲಿ ಬಂದ ರಿವ್ಯೂಗಳನ್ನು ದಾಟಿಕೊಂಡು ಹೋಗಿ. ಅಲ್ಲಿ ಜಾಸ್ತಿ ಇರುವುದು ಅಗ್ಗಕ್ಕೆ ಸಿಕ್ಕ ಖುಷಿ.

ಹಂತ 4: ಮಧ್ಯದ ಸ್ಟಾರ್‌ಗಳನ್ನು ತೆರೆಯಿರಿ

ಅಡಿಕೆ ಮಂಡಿಯಲ್ಲಿ ಚೀಲದ ಬಾಯಿ ನೋಡಿ ಯಾರೂ ರೇಟು ಹೇಳುವುದಿಲ್ಲ, ಒಳಗೆ ಕೈ ಹಾಕಿ ತೆಗೆದು ನೋಡುತ್ತಾರೆ. ಇಲ್ಲಿ ಕೈ ಹಾಕಬೇಕಾದ ಜಾಗ 3 ಸ್ಟಾರ್. ಅದನ್ನು ಕೊಟ್ಟವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ, ಒಂದು ಒಳ್ಳೆಯದು, ಒಂದು ಕೆಟ್ಟದ್ದು.

ಇವಕ್ಕೆ ಮತ ಕಡಿಮೆ ಬೀಳಲು ಕಾರಣ ಇದೆ. 2009ರಲ್ಲಿ ಅಮೆಜಾನ್‌ನ ಪುಸ್ತಕ ರಿವ್ಯೂಗಳ ಮೇಲೆ ದೊಡ್ಡ ಅಧ್ಯಯನವೊಂದು ನಡೆಯಿತು. ಒಂದು ರಿವ್ಯೂ ಕೊಟ್ಟ ಸ್ಟಾರ್ ಆ ವಸ್ತುವಿನ ಸರಾಸರಿ ಸ್ಟಾರ್‌ಗೆ ಹತ್ತಿರ ಇದ್ದಷ್ಟೂ ಅದಕ್ಕೆ 'ಹೆಲ್ಪ್‌ಫುಲ್' ಮತ ಹೆಚ್ಚು ಬೀಳುವುದು ಕಂಡಿತು. ಬರವಣಿಗೆಯ ಗುಣ ಇದಕ್ಕೆ ಕಾರಣವೇ ಎಂದು ತಿಳಿಯಲು ಅವರು ಒಂದು ಜಾಣ ಕೆಲಸ ಮಾಡಿದರು. ಬೇರೆ ಬೇರೆ ಪುಸ್ತಕಕ್ಕೆ ಅಕ್ಷರಶಃ ನಕಲು ಮಾಡಿ ಹಾಕಿದ್ದ ರಿವ್ಯೂಗಳನ್ನು ಹುಡುಕಿ ತೆಗೆದರು. ಪದಗಳು ಅವೇ, ಆದರೂ ಮತ ಬೇರೆ. ಸರಾಸರಿಗೆ ಹತ್ತಿರ ಇದ್ದ ಪ್ರತಿಗೆ ಹೆಚ್ಚು ಮತ.

ಅಂದರೆ 4.3 ಸರಾಸರಿ ಇರುವ ವಸ್ತುವಿಗೆ ಯಾರಾದರೂ ವಿವರವಾಗಿ 2 ಸ್ಟಾರ್ ರಿವ್ಯೂ ಬರೆದರೆ ಅದು ಕೆಳಗೇ ಉಳಿಯುವ ಸಾಧ್ಯತೆ ಹೆಚ್ಚು. ಹೋಗಿ ಹುಡುಕಿ. 1 ಸ್ಟಾರ್‌ನಲ್ಲಿ "ಕೊರಿಯರ್ ಹುಡುಗ ಬರಲಿಲ್ಲ" ಎಂಬ ಗೋಳು ಜಾಸ್ತಿ. ಅದನ್ನು ಬಿಟ್ಟು, ಒಂದೇ ದೂರು ಬೇರೆ ಬೇರೆ ಜನರ ಬಾಯಲ್ಲಿ ಮರಳಿ ಬರುತ್ತಿದೆಯೇ ನೋಡಿ. ಜಿಪ್ ಕಿತ್ತುಹೋಯಿತು ಎಂದು ಒಬ್ಬರು ಹೇಳಿದರೆ ಅದು ಅವರ ಹಣೆಬರಹ ಇರಬಹುದು. ಐದು ಜನ, ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಮಾತಿನಲ್ಲಿ ಅದನ್ನೇ ಹೇಳಿದರೆ ಜಿಪ್ ಕೆಟ್ಟದ್ದೇ.

ಹಂತ 5: ಬರೆದವರ ಊರು ನೋಡಿ

ಫ್ಲಿಪ್‌ಕಾರ್ಟ್‌ನಲ್ಲಿ ಹಲವು ರಿವ್ಯೂಗಳ ಕೆಳಗೆ ಬರೆದವರ ಊರು ಇರುತ್ತದೆ. ಶಿವಮೊಗ್ಗ, ಸಾಗರ, ಚಿಕ್ಕಮಗಳೂರು, ಶಿರಸಿ, ಮಡಿಕೇರಿ ಕಂಡರೆ ನಿಂತು ಓದಿ. ಮಂಗಳೂರು, ಉಡುಪಿಯೂ ಆದೀತು. ಕೇರಳದ ವಯನಾಡು, ಇಡುಕ್ಕಿ ಕೂಡ ನಮ್ಮಂಥದ್ದೇ ಮಳೆಯ ಗುಡ್ಡಗಳು. ಅಲ್ಲಿಂದ ಎರಡು ಮತ ಪಡೆದ ರಿವ್ಯೂ, ಜೈಪುರದಿಂದ 500 ಮತ ಪಡೆದದ್ದಕ್ಕಿಂತ ನಿಮಗೆ ಹತ್ತಿರದ್ದು.

ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ ಆ್ಯಪ್ 2020ರಲ್ಲೇ ಕನ್ನಡದಲ್ಲಿ ಬಂದಿವೆ. ಆದರೂ ಕನ್ನಡದಲ್ಲಿ ಬರೆದ ರಿವ್ಯೂಗೆ ಮತ ಬೀಳುವುದು ಕಡಿಮೆ. ದೇಶದ ಎಲ್ಲ ಕಡೆಯವರು ನೋಡುವ ಪುಟದಲ್ಲಿ ಕನ್ನಡ ಓದಬಲ್ಲವರು ಕೆಲವರೇ ಅಲ್ವಾ. ಮತ ಇಲ್ಲ ಎಂದು ಅದನ್ನು ದಾಟಿ ಹೋಗಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರನ್ನೂ ಓದಿ. ಅವರು ಮುಲಾಜಿಲ್ಲದೆ ಬರೆದಿರುತ್ತಾರೆ.

ಹಂತ 6: ದುಡ್ಡು ಕೊಟ್ಟು ಹಾಕಿಸಿದ ಮತ, ರಿವ್ಯೂ ಗುರುತಿಸಿ

ಡಬ್ಬಿಯೊಳಗೆ ಚೀಟಿ ಇಡುತ್ತಾರೆ: "5 ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, ಕ್ಯಾಶ್‌ಬ್ಯಾಕ್ ಪಡೆಯಿರಿ." ಅಮೆಜಾನ್ ಇಂಥ ಆಮಿಷದ ರಿವ್ಯೂಗಳಿಗೆ 2016ರಲ್ಲೇ ಕಡಿವಾಣ ಹಾಕಿದೆ. ರಿವ್ಯೂ ವ್ಯಾಪಾರ ನಡೆಸುತ್ತಿದ್ದ 10,000ಕ್ಕೂ ಹೆಚ್ಚು ಫೇಸ್‌ಬುಕ್ ಗುಂಪುಗಳ ಅಡ್ಮಿನ್‌ಗಳ ಮೇಲೆ 2022ರಲ್ಲಿ ಕೇಸನ್ನೂ ಹಾಕಿತು. ಆದರೂ ದಂಧೆ ನಿಂತಿಲ್ಲ.

ಇವು ಕಂಡರೆ ಅನುಮಾನ ಪಡಿ:

ಒಂದೇ ವಾರದಲ್ಲಿ ಬಂದ ಉದ್ದುದ್ದ ಹೊಗಳಿಕೆಗಳು, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಮತ.

ಅಂಗಡಿಯವರು ಬರೆದ ವಿವರಣೆಯ ಸಾಲುಗಳೇ ರಿವ್ಯೂದಲ್ಲೂ.

ಬರೆದವರ ಹೆಸರಿನ ಮೇಲೆ ಒತ್ತಿದರೆ ಅವರ ಬೇರೆ ರಿವ್ಯೂ ಕಾಣುವ ಕಡೆ, ಎಲ್ಲವೂ 5 ಸ್ಟಾರ್, ಎಲ್ಲವೂ ಹೆಸರು ಕೇಳದ ಕಂಪನಿಗಳದ್ದು.

ರಿವ್ಯೂ ಹೇಳುತ್ತಿರುವುದು ಬೇರೆಯೇ ವಸ್ತುವಿನ ಬಗ್ಗೆ. ಟಾರ್ಚಿನ ಪುಟದಲ್ಲಿ ಮೊಬೈಲ್ ಕವರಿನ ಹೊಗಳಿಕೆ ಇದ್ದರೆ ನಗಬೇಡಿ, ಓಡಿ. ಹಳೆಯ ವಸ್ತುವಿನ ಪುಟಕ್ಕೆ ಹೊಸದನ್ನು ಅಂಟಿಸಿ ಹಳೆಯ ಸ್ಟಾರು, ಹಳೆಯ ಮತ ಎಲ್ಲವನ್ನೂ ದಕ್ಕಿಸಿಕೊಳ್ಳುವ ತಂತ್ರ ಇದು. ಇದೇ ಬಗೆಯ ಆರೋಪದ ಮೇಲೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2023ರಲ್ಲಿ ಒಂದು ವಿಟಮಿನ್ ಕಂಪನಿಯಿಂದ 6 ಲಕ್ಷ ಡಾಲರ್ ಕಟ್ಟಿಸಿತು.

ನಮ್ಮಲ್ಲೂ ನಿಯಮ ಇದೆ. ಮಾರುವವರು ಗ್ರಾಹಕರ ವೇಷದಲ್ಲಿ ರಿವ್ಯೂ ಬರೆಯಬಾರದು ಎಂದು 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. 2022ರ ನವೆಂಬರ್‌ನಲ್ಲಿ ಬಿಐಎಸ್, ಅಂದರೆ ಐಎಸ್‌ಐ ಗುರುತು ಕೊಡುವ ಸಂಸ್ಥೆ, ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿತು. ತಂದಾಗ ಅದು ಕಂಪನಿಗಳು ಇಷ್ಟಪಟ್ಟು ಪಾಲಿಸುವ ನಿಯಮವಾಗಿತ್ತು. ಹಾಗಾಗಿ ಕಾವಲು ನೀವೇ ಕಾಯಬೇಕು.

ಎಚ್ಚರಿಕೆ: "ಮನೆಯಲ್ಲೇ ಕೂತು ರಿವ್ಯೂ ಲೈಕ್ ಮಾಡಿ ಹಣ ಗಳಿಸಿ" ಎಂದು ವಾಟ್ಸಾಪ್, ಟೆಲಿಗ್ರಾಂನಲ್ಲಿ ಬಂದರೆ ಮುಟ್ಟಬೇಡಿ. ಮೊದಲು ನೂರಿನ್ನೂರು ರೂಪಾಯಿ ಹಾಕಿ ನಂಬಿಸುತ್ತಾರೆ. ಆಮೇಲೆ ನಿಮ್ಮಿಂದಲೇ ಡೆಪಾಸಿಟ್ ಕೇಳುತ್ತಾರೆ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಹಂತ 7: ಮತ ಹೇಳಲಾರದ್ದನ್ನು ಬೇರೆ ಕಡೆ ಕೇಳಿ

ಟಾರ್ಚು, ಎಮರ್ಜೆನ್ಸಿ ಲೈಟಿಗೆ 'ವಾಟರ್‌ಪ್ರೂಫ್' ಎಂಬ ಮಾತು ಬಿಟ್ಟು, ನೀರು, ದೂಳು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಅಂಕ ನೋಡಿ. ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ. ರೇನ್‌ಕೋಟಿಗೆ ಹೊಲಿಗೆಯ ಒಳಭಾಗಕ್ಕೆ ಟೇಪ್ ಅಂಟಿಸಿದ್ದಾರೆಯೇ ಎಂದು ಕೊಂಡವರ ಫೋಟೊದಲ್ಲಿ ಹುಡುಕಿ.

ಐಎಸ್‌ಐ ಗುರುತು ಇದ್ದರೆ ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ಬ್ರಷ್ ಕಟರ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಶಿವಮೊಗ್ಗದಲ್ಲೋ ನಿಮ್ಮ ತಾಲೂಕು ಪೇಟೆಯಲ್ಲೋ ಅದರ ಬಿಡಿಭಾಗ ಸಿಗದಿದ್ದರೆ, ರಿಪೇರಿ ಮಾಡುವವರು ಇಲ್ಲದಿದ್ದರೆ, 5,000 ಮತ ಇದ್ದರೂ ಬೇಡ. ಮೊದಲು ರಿಪೇರಿ ಅಂಗಡಿಗೆ ಹೋಗಿ "ಯಾವ ಕಂಪನಿಯದು ಜಾಸ್ತಿ ಕೆಟ್ಟು ಬರುತ್ತೆ, ಯಾವುದಕ್ಕೆ ಪಾರ್ಟ್ಸ್ ಸಿಗಲ್ಲ" ಎಂದು ಕೇಳಿ. ಹತ್ತು ನಿಮಿಷದ ಮಾತು. ಸ್ಪ್ರೇಯರ್, ಒಣಗಿಸುವ ಯಂತ್ರ ಇಂಥವಕ್ಕೆ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಸಬ್ಸಿಡಿ ಆಸೆ ಇದ್ದರೆ ಕೊಳ್ಳುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಆನ್‌ಲೈನಿನಲ್ಲಿ ಕೊಂಡು ಆಮೇಲೆ ಬಿಲ್ಲು ಹಿಡಿದು ಹೋದರೆ ಉಪಯೋಗ ಆಗುವುದು ಕಷ್ಟ.

ಹಂತ 8: ಕೊಳ್ಳುವಾಗ

ನಿಮ್ಮ ಪಿನ್‌ಕೋಡ್ ಹಾಕಿ, ವಾಪಸ್ ಕೊಡಲು ಮನೆಗೇ ಬರುತ್ತಾರಾ ನೋಡಿ. ಹಳ್ಳಿಗಳಿಗೆ ಹಲವು ಸಲ ತಂದು ಕೊಡುತ್ತಾರೆ, ತಗೊಂಡು ಹೋಗಲು ಬರುವುದಿಲ್ಲ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ. ರೇನ್‌ಕೋಟ್ ಬಂದ ದಿನವೇ ಹಾಕಿಕೊಂಡು ಬಚ್ಚಲಲ್ಲಿ ನಾಲ್ಕು ಚೊಂಬು ನೀರು ಹೆಗಲ ಮೇಲೆ ಸುರಿದುಕೊಳ್ಳಿ. ಮನೆಯವರು ನಕ್ಕರೆ ನಗಲಿ, ವಾಪಸ್ ಕೊಡುವ ಗಡುವು ಮಳೆ ಬರುವವರೆಗೆ ಕಾಯುವುದಿಲ್ಲ.

ತೊಂದರೆಯಾದರೆ ಮೊದಲು ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ಸಿಕ್ಕಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂದು ಅದೇ 2020ರ ನಿಯಮ ಹೇಳುತ್ತದೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು.

ಹಂತ 9: ನೀವು ಬರೆಯುವಾಗ

ಬಂದ ದಿನ ಬರೆಯಬೇಡಿ. ಬರೆದಿದ್ದರೆ ಆಗಸ್ಟ್‌ನಲ್ಲಿ ತಿದ್ದಿ, ಅಮೆಜಾನ್‌ನಲ್ಲಿ ಹಳೆಯ ರಿವ್ಯೂ ತಿದ್ದಲು ಬರುತ್ತದೆ. ಮೊದಲ ಸಾಲಿನಲ್ಲೇ ತಾಲೂಕು, ಎಷ್ಟು ತಿಂಗಳ ಬಳಕೆ, ಏನು ಕೆಲಸ ಎಂದು ಹೇಳಿ. ಹುಡುಕುವಾಗ ಕಂಡ ಸೊನ್ನೆ ಮತದ ಒಳ್ಳೆಯ ರಿವ್ಯೂಗೆ ಒಂದು ಮತ ಒತ್ತಿ ಬನ್ನಿ. ಮೊದಲ ಮತದ ಬಲ ಎಷ್ಟು ಅಂತ ಮೇಲೆ ಓದಿದಿರಲ್ಲ. ಫೋಟೊ ಹಾಕುವಾಗ ಪಾರ್ಸೆಲ್ ಮೇಲಿನ ಚೀಟಿ ಕಾಣದಂತೆ ನೋಡಿಕೊಳ್ಳಿ, ನಿಮ್ಮ ಮನೆ ವಿಳಾಸ, ಫೋನ್ ನಂಬರು ಅದರ ಮೇಲೆ ಇರಬಹುದು.